ಅಮೆರಿಕದಲ್ಲಿರುವ ಗುರುಗಳ ಗ್ರೀನ್ ಕಾರ್ಡ್ ಅರ್ಜಿಗೆ ಊರಿನಿಂದ ದಾಖಲೆ ಒದಗಿಸುವುದು ಹೇಗೆ? ಸಮಗ್ರ ಮಾರ್ಗದರ್ಶಿ

ಉಡುಪಿಯ ವಿದ್ಯಾಪೀಠಗಳಲ್ಲಿ ಓದಿ, ಇಲ್ಲಿನ ಮಠದಲ್ಲೋ ದೇವಸ್ಥಾನದಲ್ಲೋ ಕೆಲವು ವರ್ಷ ದುಡಿದು, ಅಮೆರಿಕದ ದೇವಾಲಯಗಳಿಗೆ ಅರ್ಚಕರಾಗಿ ಅಥವಾ ಪ್ರವಚನಕಾರರಾಗಿ ಹೋದವರು ನಮ್ಮ ನಡುವೆ ಅನೇಕರಿದ್ದಾರೆ. ಅವರು ಅಲ್ಲಿ ಕಾಯಂ ವಾಸದ ಹಕ್ಕಿಗೆ ಅರ್ಜಿ ಹಾಕಲು ಹೊರಟಾಗ ಊರಿಗೆ ಒಂದು ಫೋನ್ ಬರುತ್ತದೆ: "ಮಠದಿಂದ ಒಂದು ಪತ್ರ ಬೇಕಿತ್ತು, ಬೇಗ ಕಳಿಸಿ." ವಾರದೊಳಗೆ ನಾಲ್ಕು ಪತ್ರಗಳು ಹೋಗುತ್ತವೆ. ಕೆಲವು ತಿಂಗಳ ಬಳಿಕ ಅಲ್ಲಿಯ ವಲಸೆ ಇಲಾಖೆಯಿಂದ, ಅಂದರೆ ಯುಎಸ್‌ಸಿಐಎಸ್‌ನಿಂದ, ಹೆಚ್ಚುವರಿ ಸಾಕ್ಷ್ಯ ಕೇಳುವ ನೋಟಿಸು ಬರುತ್ತದೆ, ಅಥವಾ ಅರ್ಜಿಯೇ ತಿರಸ್ಕೃತವಾಗುತ್ತದೆ.

ಇಂತಹ ಕಡತಗಳನ್ನು ಜೋಡಿಸಿಕೊಡಲು ಹಲವು ಕುಟುಂಬಗಳ ಜೊತೆ ಕುಳಿತ ಅನುಭವದಿಂದ ಹೇಳುವುದಾದರೆ, ಪ್ರತಿ ಬಾರಿಯೂ ಸೋಲು ಬರುವುದು ಒಂದೇ ಜಾಗದಲ್ಲಿ. ನಾವು ಇಲ್ಲಿಂದ ಸನ್ಮಾನಪತ್ರಗಳನ್ನು ಕಳಿಸುತ್ತೇವೆ, ಅಲ್ಲಿಯ ಅಧಿಕಾರಿ ಹುಡುಕುವುದು ತಾರೀಖು, ಗಂಟೆ, ಸಂಬಳ ಮತ್ತು ಸಹಿ ಹಾಕಿದವರ ಅಧಿಕಾರವನ್ನು. ಈ ಮಾರ್ಗದರ್ಶಿ ಊರಿನಲ್ಲಿರುವ ಬಂಧುಗಳಿಗೆ, ಮಠದ ಕಚೇರಿಯವರಿಗೆ, ಮೊಕ್ತೇಸರರಿಗೆ ಮತ್ತು ಶಿಷ್ಯರಿಗೆ ಬರೆದದ್ದು. ನಾನು ವಕೀಲನಲ್ಲ, ಅರ್ಜಿಯನ್ನು ನಡೆಸುವ ವಲಸೆ ವಕೀಲರ ಸೂಚನೆ ಇಲ್ಲಿಯ ಯಾವುದೇ ಮಾತಿಗಿಂತ ಮೇಲಿನದು ಎಂದು ತಿಳಿಯಬೇಕು.

ಆರಂಭಿಸುವ ಮೊದಲು ಕೈಯಲ್ಲಿರಬೇಕಾದವು

ಗುರುಗಳ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟಗಳ ಪ್ರತಿ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ವಿದ್ಯಾಪೀಠದ ಮತ್ತು ಸಂಸ್ಕೃತ ಪರೀಕ್ಷೆಗಳ ಪ್ರಮಾಣಪತ್ರಗಳು, ಊರಿನಲ್ಲಿ ಕೆಲಸ ಮಾಡಿದ ಕಾಲದ ಬ್ಯಾಂಕ್ ಪಾಸ್‌ಬುಕ್, ಅಮೆರಿಕದ ದೇವಾಲಯವು ಹಿಂದೆ ಆರ್-1 ಎಂಬ ಧಾರ್ಮಿಕ ಕೆಲಸಗಾರರ ವೀಸಾಕ್ಕಾಗಿ ಸಲ್ಲಿಸಿದ್ದ ಅರ್ಜಿಯ ಪ್ರತಿ, ಒಂದು ಒಳ್ಳೆಯ ಸ್ಕ್ಯಾನರ್ ಮತ್ತು ಒಂದು ದಪ್ಪ ನೋಟ್ ಪುಸ್ತಕ. ಹಳೆಯ ಆರ್-1 ಅರ್ಜಿಯ ಪ್ರತಿ ಇಲ್ಲದೆ ಒಂದು ಸಾಲನ್ನೂ ಬರೆಯಬಾರದು. ಅಂದು ಹೇಳಿದ್ದಕ್ಕೂ ಇಂದು ಹೇಳುವುದಕ್ಕೂ ವ್ಯತ್ಯಾಸ ಬಂದರೆ ಅಧಿಕಾರಿಯ ಸಂಶಯ ಅಲ್ಲಿಂದಲೇ ಹುಟ್ಟುತ್ತದೆ.

ಹಂತ 1: ಅರ್ಜಿ ಯಾವುದು, ಅರ್ಜಿದಾರರು ಯಾರು ಎಂಬುದನ್ನು ತಿಳಿದುಕೊಳ್ಳಿ

ಧಾರ್ಮಿಕ ಕೆಲಸಗಾರರು ಸಾಮಾನ್ಯವಾಗಿ ಆರ್-1 ಎಂಬ ತಾತ್ಕಾಲಿಕ ವೀಸಾದಲ್ಲಿ ಹೋಗುತ್ತಾರೆ. ಮೊದಲ ಬಾರಿಗೆ ಗರಿಷ್ಠ 30 ತಿಂಗಳು, ವಿಸ್ತರಣೆಯೂ ಸೇರಿ ಒಟ್ಟು 5 ವರ್ಷ ಅದರ ಮಿತಿ. ಕಾಯಂ ವಾಸಕ್ಕೆ ಮೊದಲ ಮೆಟ್ಟಿಲು ಐ-360 ಎಂಬ ಅರ್ಜಿ. ಇದನ್ನು ಸಾಮಾನ್ಯವಾಗಿ ಅಮೆರಿಕದ ದೇವಾಲಯವೇ ಸಲ್ಲಿಸುತ್ತದೆ. ಆ ದೇವಾಲಯಕ್ಕೆ ಅಲ್ಲಿಯ ತೆರಿಗೆ ಇಲಾಖೆಯಿಂದ 501(ಸಿ)(3) ವಿನಾಯಿತಿಯ ಚಾಲ್ತಿ ಪತ್ರವಿರಬೇಕು. ಐ-360 ಮಂಜೂರಾದ ಬಳಿಕ, ಉದ್ಯೋಗಾಧಾರಿತ ನಾಲ್ಕನೇ ವರ್ಗದಲ್ಲಿ ವೀಸಾ ಸಂಖ್ಯೆ ಲಭ್ಯವಾದಾಗ ಮಾತ್ರ ಎರಡನೇ ಮೆಟ್ಟಿಲಾದ ಗ್ರೀನ್ ಕಾರ್ಡಿನ ಅರ್ಜಿಯನ್ನು ಹಾಕಬಹುದು. ಧಾರ್ಮಿಕ ಕೆಲಸಗಾರರಿಗೆ ಎರಡನ್ನೂ ಒಟ್ಟಿಗೆ ಸಲ್ಲಿಸುವ ಅವಕಾಶವಿಲ್ಲ.

ಊರಿನಿಂದ ಹೋಗುವ ದಾಖಲೆಗಳಿಗೆ ನಿಜವಾದ ತೂಕವಿರುವುದು ಐ-360ರ ಹಂತದಲ್ಲಿ. ಈ ವರ್ಗದಲ್ಲಿ ಸರದಿ ಉದ್ದವಿದೆ. 2025ರಲ್ಲಿ ಆ ಹಣಕಾಸು ವರ್ಷದ ವೀಸಾಗಳು ಫೆಬ್ರವರಿ 28ರ ವೇಳೆಗೇ ಮುಗಿದು, ಸೆಪ್ಟೆಂಬರ್ ಕೊನೆಯವರೆಗೆ ಹೊಸದಾಗಿ ಒಂದೂ ಸಿಗಲಿಲ್ಲ. ಸರದಿಯ ಸ್ಥಾನ ನಿಗದಿಯಾಗುವುದು ಐ-360 ಸಲ್ಲಿಸಿದ ದಿನದಿಂದ. ಆದ್ದರಿಂದ ಊರಿನಲ್ಲಿ ಪತ್ರಕ್ಕಾಗಿ ಕಳೆಯುವ ಒಂದೊಂದು ತಿಂಗಳೂ ಸರದಿಯಲ್ಲಿ ಒಂದು ತಿಂಗಳು ಹಿಂದಕ್ಕೆ ಹೋದಂತೆಯೇ, ಮತ್ತು ಅದೇ ವೇಳೆಗೆ ಆರ್-1ರ 5 ವರ್ಷ ಕರಗುತ್ತಿರುತ್ತದೆ.

ಹಂತ 2: ಹುದ್ದೆಯ ಹೆಸರನ್ನು ಒಂದೇ ಆಗಿ ನಿಗದಿಪಡಿಸಿ

ಅಮೆರಿಕದ ಕಾನೂನು ಧಾರ್ಮಿಕ ಕೆಲಸಗಾರರನ್ನು ಎರಡು ಗುಂಪಾಗಿ ನೋಡುತ್ತದೆ. ತನ್ನ ಸಂಪ್ರದಾಯದ ಪ್ರಕಾರ ಪೂರ್ಣ ತರಬೇತಿ ಪಡೆದು, ಪೂಜಾ ವಿಧಿಗಳನ್ನು ನಡೆಸಲು ಅಧಿಕಾರ ಪಡೆದವರನ್ನು 'ಮಿನಿಸ್ಟರ್' ಎಂದು ಕರೆಯುತ್ತಾರೆ. ನಮ್ಮ ಅರ್ಚಕರು, ಪುರೋಹಿತರು ಈ ಗುಂಪಿಗೆ ಸೇರುತ್ತಾರೆ. ಉಳಿದ ಧಾರ್ಮಿಕ ವೃತ್ತಿಯವರದು ಇನ್ನೊಂದು ಗುಂಪು. ಈ ಎರಡನೇ ಗುಂಪಿಗೆ ವರ್ಷಕ್ಕೆ 5,000 ವೀಸಾಗಳ ಮಿತಿಯಿದೆ, ಮೇಲಾಗಿ ಅದರ ಕಾನೂನಿಗೇ ಅವಧಿಯಿದ್ದು ಅಲ್ಲಿಯ ಸಂಸತ್ತು ಆಗಾಗ ನವೀಕರಿಸಬೇಕಾಗುತ್ತದೆ. ಮೊದಲ ಗುಂಪಿಗೆ ಅಂತಹ ಅವಧಿಯ ತೊಡಕಿಲ್ಲ.

ಇಲ್ಲಿಯ ತಪ್ಪು ಬಹಳ ಸಾಮಾನ್ಯ. ಅಮೆರಿಕದ ದೇವಾಲಯ 'ಅರ್ಚಕ' ಎಂದು ಅರ್ಜಿ ಹಾಕಿರುತ್ತದೆ, ಊರಿನ ಒಂದು ಪತ್ರ 'ಪರಿಚಾರಕ' ಎನ್ನುತ್ತದೆ, ಇನ್ನೊಂದು 'ವಿದ್ಯಾರ್ಥಿ' ಎನ್ನುತ್ತದೆ, ಮೂರನೆಯದು 'ಪಾಕಶಾಲೆಯಲ್ಲೂ ನೆರವಾದರು' ಎಂದು ಪ್ರೀತಿಯಿಂದ ಸೇರಿಸುತ್ತದೆ. ಮುಖ್ಯವಾಗಿ ಆಡಳಿತದ ಅಥವಾ ನಿರ್ವಹಣೆಯ ಕೆಲಸ ಮಾಡುವವರು ಈ ವರ್ಗದಲ್ಲಿ ಬರುವುದಿಲ್ಲ. ಆದ್ದರಿಂದ ಆ ಒಂದು ಸಾಲು ಇಡೀ ಕಡತವನ್ನು ಕೆಡಿಸಬಲ್ಲದು. ಬರೆಯುವ ಎಲ್ಲರೂ ಮೊದಲು ದೇವಾಲಯದ ಅರ್ಜಿಯಲ್ಲಿರುವ ಹುದ್ದೆಯ ಹೆಸರನ್ನು ಕೇಳಿ ತಿಳಿದು, ಇಲ್ಲಿ ವಾಸ್ತವವಾಗಿ ಮಾಡಿದ ಕೆಲಸ ಅದಕ್ಕೆ ಹೊಂದುತ್ತದೆಯೇ ಎಂದು ನೋಡಬೇಕು. ಹಿಂದಿನ ಕೆಲಸ ಮುಂದಿನ ಕೆಲಸದ ಪಡಿಯಚ್ಚಾಗಿರಬೇಕೆಂದು ನಿಯಮವೇನೂ ಇಲ್ಲ. ಅದು ಧಾರ್ಮಿಕ ವರ್ಗದ ಕೆಲಸವಾಗಿರಬೇಕು ಅಷ್ಟೇ. ಇರುವುದನ್ನು ಇರುವಂತೆ ಬರೆಯಲು ಅಂಜಬೇಕಾಗಿಲ್ಲ.

ಬರಿಯ ಆಸನ, ಪ್ರಾಣಾಯಾಮ ಕಲಿಸುವ ಯೋಗಶಿಕ್ಷಕರನ್ನು ಈ ದಾರಿಗೆ ತರಲು ಯತ್ನಿಸಬಾರದು. ಅವರಿಗೆ ಬೇರೆ ವರ್ಗಗಳಿವೆ, ಅದನ್ನು ವಕೀಲರೇ ನೋಡಬೇಕು.

ಹಂತ 3: ಎರಡು ವರ್ಷದ ಲೆಕ್ಕವನ್ನು ಹಿಂದಕ್ಕೆ ಎಣಿಸಿ

ಐ-360 ಸಲ್ಲಿಸುವ ದಿನದಿಂದ ಹಿಂದಕ್ಕೆ ಕನಿಷ್ಠ ಎರಡು ವರ್ಷ ಗುರುಗಳು ಆ ಸಂಪ್ರದಾಯದ ಸದಸ್ಯರಾಗಿರಬೇಕು, ಮತ್ತು ಆ ಎರಡು ವರ್ಷವೂ ಧಾರ್ಮಿಕ ಕೆಲಸದಲ್ಲಿ ನಿರಂತರವಾಗಿ ಇದ್ದಿರಬೇಕು. ಆ ಕೆಲಸ ಅಮೆರಿಕದಲ್ಲೇ ಆಗಿರಬೇಕೆಂದಿಲ್ಲ, ಭಾರತದಲ್ಲಿ ಮಾಡಿದ್ದೂ ಸೇರುತ್ತದೆ. ಕೆಲಸವು ಪೂರ್ಣಾವಧಿಯದಾಗಿರಬೇಕು, ಎಂದರೆ ವಾರಕ್ಕೆ ಸರಾಸರಿ 35 ಗಂಟೆಯಾದರೂ ಇರಬೇಕು, ಮತ್ತು ಅದಕ್ಕೆ ಸಂಭಾವನೆ ಇದ್ದಿರಬೇಕು. ಆರ್-1ಕ್ಕೆ ವಾರಕ್ಕೆ 20 ಗಂಟೆ ಸಾಕಾಗುವುದರಿಂದ ಅನೇಕರು ಇಲ್ಲೂ ಅಷ್ಟೇ ಸಾಕೆಂದು ತಪ್ಪು ತಿಳಿಯುತ್ತಾರೆ.

ಊರಿನ ದಾಖಲೆ ಎಷ್ಟು ಬೆಲೆಬಾಳುತ್ತದೆ ಎಂಬುದು ಇಲ್ಲಿ ಗೊತ್ತಾಗುತ್ತದೆ. ಉಡುಪಿಯಲ್ಲಿ ಎರಡು ವರ್ಷ ಪೂರ್ಣಾವಧಿ ಕೆಲಸ ಮಾಡಿ, ನಡುವೆ ತೆರಪಿಲ್ಲದೆ ನೇರವಾಗಿ ಅಮೆರಿಕದ ಕೆಲಸಕ್ಕೆ ಸೇರಿದವರ ಪರವಾಗಿ ದೇವಾಲಯವು ಇನ್ನೆರಡು ವರ್ಷ ಕಾಯದೆ ಬೇಗನೆ ಐ-360 ಸಲ್ಲಿಸಲು ಸಾಧ್ಯವಾಗಬಹುದು. ಇಲ್ಲಿಯ ಕೆಲಸಕ್ಕೆ ಪುರಾವೆ ಇಲ್ಲದಿದ್ದರೆ ಆ ಅವಕಾಶ ಕೈತಪ್ಪುತ್ತದೆ.

ಒಂದು ಕಾಗದದಲ್ಲಿ ಕಳೆದ ನಾಲ್ಕೈದು ವರ್ಷಗಳ ಪಟ್ಟಿ ಮಾಡಿ: ಯಾವ ದಿನದಿಂದ ಯಾವ ದಿನದವರೆಗೆ, ಎಲ್ಲಿ, ಯಾರ ಅಧೀನದಲ್ಲಿ. ತೆರಪುಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ದೇವಸ್ಥಾನ ಬಿಟ್ಟು ವೀಸಾ ಬರುವವರೆಗೆ ಏಳೆಂಟು ತಿಂಗಳು ಮನೆಯಲ್ಲಿದ್ದು ಅಲ್ಲಲ್ಲಿ ಗೃಹಪ್ರವೇಶ, ಸತ್ಯನಾರಾಯಣ ಪೂಜೆ ಮಾಡಿಸಿದ್ದು ನಮ್ಮಲ್ಲಿ ತೀರಾ ಸಹಜ. ಅದನ್ನು ದೇವಸ್ಥಾನದ ಪತ್ರದಲ್ಲಿ 'ಅಮೆರಿಕಕ್ಕೆ ತೆರಳುವವರೆಗೂ ನಮ್ಮಲ್ಲಿಯೇ ಇದ್ದರು' ಎಂದು ಮುಚ್ಚಿಹಾಕಬಾರದು. ಕೆಲಸದ ಸಂಬಂಧ ಮುಂದುವರಿದಿದ್ದು, ಹೆಚ್ಚಿನ ಧಾರ್ಮಿಕ ಅಧ್ಯಯನಕ್ಕಾಗಿ ತೆಗೆದುಕೊಂಡ ಬಿಡುವು ಎರಡು ವರ್ಷಕ್ಕೆ ಮೀರದಿದ್ದರೆ ನಿರಂತರತೆ ಮುರಿಯುವುದಿಲ್ಲವೆಂಬ ವಿನಾಯಿತಿ ನಿಯಮದಲ್ಲೇ ಇದೆ. ಅದು ಅನ್ವಯಿಸುತ್ತದೆಯೇ ಎಂಬುದನ್ನು ವಕೀಲರು ನಿರ್ಧರಿಸಲಿ, ನಮ್ಮ ಕೆಲಸ ತಾರೀಖನ್ನು ಸರಿಯಾಗಿ ಕೊಡುವುದು.

ಸಂದರ್ಶಕ ವೀಸಾದಲ್ಲಿ ಹೋಗಿ ಚಾತುರ್ಮಾಸ್ಯದ ಕಾಲದಲ್ಲಿ ಪ್ರವಚನ ಮಾಡಿ ಬಂದದ್ದನ್ನು ಪೂರ್ಣಾವಧಿ ಉದ್ಯೋಗವೆಂದು ತೋರಿಸುವ ಪ್ರಯತ್ನವನ್ನೂ ನೋಡಿದ್ದೇನೆ. ಅದು ಸಹಾಯ ಮಾಡುವುದಿಲ್ಲ.

ಹಂತ 4: ಹೆಸರು ಮತ್ತು ಹುಟ್ಟಿದ ದಿನವನ್ನು ಹೊಂದಿಸಿ

ಕರಾವಳಿಯ ಅರ್ಚಕರ ಕಡತದಲ್ಲಿ ಹೆಸರಿನ ಗೊಂದಲವಿಲ್ಲದ್ದು ಅಪರೂಪ. ಎಸ್‌ಎಸ್‌ಎಲ್‌ಸಿಯಲ್ಲಿ 'ಭಟ್', ವಿದ್ಯಾಪೀಠದ ಪ್ರಮಾಣಪತ್ರದಲ್ಲಿ 'ಆಚಾರ್ಯ', ದೇವಸ್ಥಾನದ ವಹಿಯಲ್ಲಿ ಊರ ಹೆಸರಿನೊಂದಿಗೆ 'ತಂತ್ರಿ', ಬ್ಯಾಂಕಿನಲ್ಲಿ ತಂದೆಯ ಹೆಸರಿನ ಮೊದಲಕ್ಷರ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ಪೂರ್ಣ ಹೆಸರು ಉಪನಾಮದ ಸ್ಥಾನಕ್ಕೆ ಹೋಗಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು', ಅಂದರೆ 'ಮೊದಲ ಹೆಸರು ಗೊತ್ತಿಲ್ಲ', ಎಂದು ಮುದ್ರಿತವಾಗುತ್ತದೆ.

ಎಲ್ಲ ಪತ್ರಗಳಲ್ಲೂ ಪಾಸ್‌ಪೋರ್ಟಿನಲ್ಲಿರುವ ಕಾಗುಣಿತವನ್ನೇ ಬಳಸಿ, ಅದರ ಮುಂದೆ 'ಇವರನ್ನು ನಮ್ಮ ದಾಖಲೆಗಳಲ್ಲಿ ಇಂತಹ ಹೆಸರಿನಿಂದ ನಮೂದಿಸಲಾಗಿದೆ' ಎಂದು ಒಂದು ವಾಕ್ಯ ಸೇರಿಸಿ. ಹಳೆಯ ಪ್ರಮಾಣಪತ್ರಗಳನ್ನು ತಿದ್ದಿಸಲು ಹೋಗಬೇಡಿ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ಟನ್ನು ಸ್ಟಾಂಪ್ ಕಾಗದದಲ್ಲಿ ನೋಟರಿಯ ಮುಂದೆ ಮಾಡಿಸಿದರೆ ಸಾಮಾನ್ಯವಾಗಿ ಸಾಕಾಗುತ್ತದೆ. ಮನೆಯಲ್ಲಿಯೇ ಹುಟ್ಟಿ, ಜನನ ನೋಂದಣಿಯಾಗದವರಿಗೆ ನೋಂದಣಾಧಿಕಾರಿಯಿಂದ ಅಲಭ್ಯತಾ ಪತ್ರ ಪಡೆದು, ಅದರೊಂದಿಗೆ ಶಾಲಾ ದಾಖಲೆ ಮತ್ತು ಹುಟ್ಟನ್ನು ಬಲ್ಲ ಹಿರಿಯರ ಅಫಿಡವಿಟ್ಟುಗಳನ್ನು ಇಡಬೇಕು. ಜಾತಕ ಪೂರಕವಾಗಿ ಇದ್ದರೆ ತೊಂದರೆಯಿಲ್ಲ, ಅದೊಂದನ್ನೇ ನಂಬಬಾರದು. ಸಂವತ್ಸರ, ಮಾಸ, ತಿಥಿಯಲ್ಲಿ ಬರೆದಿರುವ ಪ್ರತಿಯೊಂದು ದಿನಾಂಕಕ್ಕೂ ಪಕ್ಕದಲ್ಲಿ ಇಂಗ್ಲಿಷ್ ಕ್ಯಾಲೆಂಡರಿನ ತಾರೀಖನ್ನು ಕೊಡಿ.

ಹಂತ 5: ತರಬೇತಿ ಮತ್ತು ಅಧಿಕಾರದ ಪುರಾವೆ

ಮಂಗಳೂರು ಧರ್ಮಪ್ರಾಂತ್ಯದ ಪಾದ್ರಿಗಳಿಗೆ ಈ ಹಂತ ಸುಲಭ. ಜೆಪ್ಪುವಿನ ಸೆಮಿನರಿಯಲ್ಲಿ ಓದಿದ ದಾಖಲೆ, ಗುರುದೀಕ್ಷೆಯ ಪ್ರಮಾಣಪತ್ರ ಮತ್ತು ಬಿಷಪರ ಪತ್ರ ಒಂದೆಡೆ ಸಿಗುತ್ತವೆ. ಅಲ್ಲಿಯ ನಿಯಮಾವಳಿ ಬರೆದದ್ದೇ ಅಂತಹ ವ್ಯವಸ್ಥೆಯನ್ನು ಕಣ್ಣೆದುರು ಇಟ್ಟುಕೊಂಡು ಎಂದು ಓದಿದವರಿಗೆ ಅನಿಸದೆ ಇರದು.

ನಮ್ಮ ಅರ್ಚಕರಿಗೆ 'ದೀಕ್ಷಾ ಪ್ರಮಾಣಪತ್ರ' ಎಂಬ ಒಂದು ಕಾಗದ ಇರುವುದಿಲ್ಲ. ಇಲ್ಲದ್ದನ್ನು ಈಗ ಮುದ್ರಿಸಿ ಹಳೆಯ ತಾರೀಖು ಹಾಕಿಸುವ ಆಲೋಚನೆಯನ್ನೇ ಮಾಡಬೇಡಿ. ಅದರ ಅಗತ್ಯವೂ ಇಲ್ಲ. ಸೆಮಿನರಿಯ ಮಾದರಿಯ ಶಿಕ್ಷಣವನ್ನು ಕಡ್ಡಾಯ ಮಾಡದ ಸಂಪ್ರದಾಯಗಳು, ತಮ್ಮಲ್ಲಿ ಒಬ್ಬರು ಅರ್ಚಕರಾಗಲು ಏನೇನು ಬೇಕು, ಅವರ ಕರ್ತವ್ಯಗಳು ಯಾವುವು, ಈ ವ್ಯಕ್ತಿ ಅದನ್ನು ಪೂರೈಸಿದ್ದಾರೆಂಬುದಕ್ಕೆ ಆಧಾರವೇನು ಎಂದು ವಿವರಿಸಿದರೆ ಅದನ್ನು ಸ್ವೀಕರಿಸುವ ದಾರಿ ನಿಯಮದಲ್ಲಿದೆ. ಆದ್ದರಿಂದ ಎರಡು ಪ್ರತ್ಯೇಕ ಪತ್ರಗಳು ಬೇಕು.

ಮೊದಲನೆಯದು ಸಂಪ್ರದಾಯದ ಪತ್ರ. ಮಾಧ್ವ ಸಂಪ್ರದಾಯದಲ್ಲಿ ಉಪನಯನದ ಬಳಿಕ ವೇದಾಧ್ಯಯನ, ತಂತ್ರಸಾರವೆಂಬ ಗ್ರಂಥದ ಕ್ರಮದಲ್ಲಿ ಪೂಜಾವಿಧಿ, ಪ್ರಯೋಗದ ಅಭ್ಯಾಸ, ಹಿರಿಯ ಅರ್ಚಕರ ಕೈಕೆಳಗಿನ ಅನುಭವ, ಕೊನೆಗೆ ಗುರುಗಳ ಅಥವಾ ಮಠದ ಅನುಮತಿ, ಹೀಗೆ ಯಾವ ಮೆಟ್ಟಿಲ ಬಳಿಕ ಯಾವ ಮೆಟ್ಟಿಲು ಎಂಬುದನ್ನು ಮಠಾಧಿಪತಿಗಳು ಅಥವಾ ವಿದ್ಯಾಪೀಠದ ಪ್ರಾಚಾರ್ಯರು ಬರೆಯಬೇಕು. ಇದರಲ್ಲಿ ವ್ಯಕ್ತಿಯ ಪ್ರಸ್ತಾಪ ಕಡಿಮೆಯಿರಲಿ. ಎರಡನೆಯದು ವ್ಯಕ್ತಿಯ ಪತ್ರ: ಇವರು ಇಂತಹ ವರ್ಷ ಸೇರಿದರು, ಇಂತಹ ಗ್ರಂಥಗಳನ್ನು ಇಂತಹ ಅಧ್ಯಾಪಕರ ಬಳಿ ಓದಿದರು, ಇಂತಹ ದಿನ ಮುಗಿಸಿದರು. ಸುಧಾಮಂಗಳ ಮಾಡಿದವರಾದರೆ ಅದರ ಆಮಂತ್ರಣ ಪತ್ರಿಕೆ, ಅಂದಿನ ಪತ್ರಿಕಾ ವರದಿ, ಛಾಯಾಚಿತ್ರ ಎಲ್ಲವನ್ನೂ ಸೇರಿಸಿ, ನ್ಯಾಯಸುಧಾ ಎಂಬ ಗ್ರಂಥದ ಅಧ್ಯಯನ ಮುಗಿಸುವುದು ಈ ಸಂಪ್ರದಾಯದಲ್ಲಿ ಎಷ್ಟು ದೊಡ್ಡ ಮಟ್ಟದ್ದು ಎಂಬುದನ್ನು ಎರಡು ವಾಕ್ಯಗಳಲ್ಲಿ ತಿಳಿಸಿ. ಅಧಿಕಾರಿಗೆ ಅದು ತಾನಾಗಿ ತಿಳಿಯುವುದಿಲ್ಲ. ಸಂಸ್ಕೃತ ಕಾಲೇಜಿನ ವಿದ್ವತ್ ಪದವಿಯಿದ್ದರೆ ಅಂಕಪಟ್ಟಿಗಳು ಎಲ್ಲ ವರ್ಷಗಳವೂ ಇರಲಿ.

ಸಂಪ್ರದಾಯದ ಹೆಸರಿನ ಬಗ್ಗೆ ಎಚ್ಚರ ಬೇಕು. ಅಮೆರಿಕದ ದೇವಾಲಯ ತನ್ನನ್ನು 'ಹಿಂದೂ' ಎಂದಷ್ಟೇ ವಿವರಿಸಿಕೊಂಡಿದ್ದು, ಊರಿನ ಪತ್ರಗಳು 'ಮಾಧ್ವ ದ್ವೈತ ಸಂಪ್ರದಾಯ' ಎಂದಷ್ಟೇ ಹೇಳಿದರೆ, ಇಬ್ಬರೂ ಒಂದೇ ಧಾರ್ಮಿಕ ಪಂಗಡದವರೇ ಎಂಬ ಪ್ರಶ್ನೆ ಏಳಬಹುದು. 'ಹಿಂದೂ ಧರ್ಮದ ಮಾಧ್ವ ಸಂಪ್ರದಾಯ' ಎಂಬಂತೆ ಎರಡಕ್ಕೂ ಹೊಂದುವ ಒಂದೇ ಪದಪುಂಜವನ್ನು ವಕೀಲರಿಂದ ಪಡೆದು ಎಲ್ಲೆಡೆ ಅದನ್ನೇ ಬಳಸಿ.

ಹಂತ 6: ಕೆಲಸದ ಪತ್ರ, ಅಂದರೆ ಕಡತದ ಬೆನ್ನೆಲುಬು

ಇದನ್ನು ಬರೆಸಲು ಸರಿಯಾದ ಬಾಗಿಲಿಗೆ ಹೋಗುವುದೇ ಮೊದಲ ಕೆಲಸ. ಉಡುಪಿ ಶ್ರೀಕೃಷ್ಣ ಮಠದ ಆಡಳಿತ ಎರಡು ವರ್ಷಕ್ಕೊಮ್ಮೆ ಅಷ್ಟಮಠಗಳಲ್ಲಿ ಸರದಿ ಬಂದ ಪರ್ಯಾಯ ಮಠಕ್ಕೆ ಹಸ್ತಾಂತರವಾಗುವುದು ನಮಗೆಲ್ಲ ಗೊತ್ತು, ಆದರೆ ಪತ್ರ ಬೇಕಾದಾಗ ಅದನ್ನೇ ಮರೆಯುತ್ತೇವೆ. ಉದಾಹರಣೆಗೆ ಒಬ್ಬರು 2019ರ ಜೂನ್‌ನಿಂದ 2021ರ ಮೇ ವರೆಗೆ ಅಲ್ಲಿ ಕೆಲಸ ಮಾಡಿದ್ದರೆ, 2020ರ ಜನವರಿ 18ರವರೆಗಿನದು ಪಲಿಮಾರು ಮಠದ ಪರ್ಯಾಯದ ಕಾಲ, ಅನಂತರದ್ದು ಅದಮಾರು ಮಠದ್ದು. ನೇಮಿಸಿದವರು, ಸಂಭಾವನೆ ಕೊಟ್ಟವರು, ವಹಿ ಇಟ್ಟವರು ಆಯಾ ಕಾಲದ ಆಡಳಿತದವರಾದ್ದರಿಂದ ಎರಡೂ ಮಠಗಳ ಕಚೇರಿಗಳನ್ನು ವಿಚಾರಿಸಬೇಕು. ಈಗಿನ ಪರ್ಯಾಯ ಮಠದ ಕಚೇರಿಗೆ ಹೋಗಿ ಹಿಂದಿನ ಕಾಲದ ಕೆಲಸಕ್ಕೆ ಸಹಿ ಕೇಳಿದರೆ ಅವರು ಸದ್ಭಾವದಿಂದ ಕೊಟ್ಟರೂ ಅದರ ಹಿಂದೆ ದಾಖಲೆ ಇರುವುದಿಲ್ಲ. ಕಚೇರಿಗೆ ಫೋನ್ ಮಾಡಿ ಪರಿಶೀಲಿಸಿದರೆ ಅಂತಹ ಪತ್ರ ನಿಲ್ಲುವುದಿಲ್ಲ.

ಮುಜರಾಯಿ ಇಲಾಖೆಗೆ ಸೇರಿದ ದೇವಸ್ಥಾನವಾದರೆ ಕಾರ್ಯನಿರ್ವಹಣಾಧಿಕಾರಿಯ ಪತ್ರ, ತಸ್ತೀಕು (ಸರ್ಕಾರ ಕೊಡುವ ವಾರ್ಷಿಕ ಮೊತ್ತ) ಅಥವಾ ವೇತನ ಪಾವತಿಯ ದಾಖಲೆ ಕೇಳಿ. ಖಾಸಗಿ ಅಥವಾ ಮನೆತನದ ದೇವಸ್ಥಾನವಾದರೆ ಆಡಳಿತ ಮೊಕ್ತೇಸರರು ಸಹಿ ಹಾಕಲಿ, ಅವರು ಆ ಸ್ಥಾನದಲ್ಲಿದ್ದಾರೆಂಬುದಕ್ಕೆ ಟ್ರಸ್ಟಿನ ಒಂದು ಕಾಗದವನ್ನೂ ಲಗತ್ತಿಸಲಿ.

ಪತ್ರದಲ್ಲಿ ಏನಿರಬೇಕೆಂಬುದನ್ನು ಒಂದು ಹೋಲಿಕೆಯಿಂದ ತೋರಿಸುತ್ತೇನೆ. ಸಾಮಾನ್ಯವಾಗಿ ಹೋಗುವ ವಾಕ್ಯ ಇದು: 'ಶ್ರೀಯುತರು ಬಾಲ್ಯದಿಂದಲೂ ನಮ್ಮ ದೇವಸ್ಥಾನದಲ್ಲಿ ಅಹರ್ನಿಶಿ ನಿಸ್ವಾರ್ಥ ಸೇವೆಗೈದು ದೇವರ ಅನುಗ್ರಹಕ್ಕೂ ಭಕ್ತರ ಪ್ರೀತಿಗೂ ಪಾತ್ರರಾಗಿದ್ದಾರೆ.' ಹೋಗಬೇಕಾದದ್ದು ಇಂಥದು: 'ಇವರು 2021ರ ಮಾರ್ಚ್ 15ರಿಂದ 2023ರ ಏಪ್ರಿಲ್ 30ರವರೆಗೆ ನಮ್ಮ ದೇವಸ್ಥಾನದ ಅರ್ಚಕರಾಗಿ ಉದ್ಯೋಗದಲ್ಲಿದ್ದರು. ವಾರಕ್ಕೆ 6 ದಿನ, ಬೆಳಿಗ್ಗೆ 5ರಿಂದ 11ರವರೆಗೆ ಮತ್ತು ಸಂಜೆ 6ರಿಂದ 8ರವರೆಗೆ ಕೆಲಸ ಮಾಡುತ್ತಿದ್ದರು. ನಿರ್ಮಾಲ್ಯ ವಿಸರ್ಜನೆ, ಅಭಿಷೇಕ, ಮಹಾಪೂಜೆ, ರಾತ್ರಿಪೂಜೆ ಮತ್ತು ಭಕ್ತರ ಸಂಕಲ್ಪ ಪೂಜೆಗಳು ಇವರ ಹೊಣೆಯಾಗಿದ್ದವು. ತಿಂಗಳ ಸಂಭಾವನೆಯನ್ನು ಬ್ಯಾಂಕ್ ಖಾತೆಗೆ ಜಮೆ ಮಾಡಲಾಗುತ್ತಿತ್ತು. ಜೊತೆಗೆ ಊಟ ಮತ್ತು ವಸತಿ ಕೊಡಲಾಗಿತ್ತು.' ಸಂಭಾವನೆಯ ಮೊತ್ತವನ್ನೂ ರೂಪಾಯಿಯಲ್ಲಿ ಬರೆಯಿರಿ. ಊಟ, ವಸತಿಯೂ ಸಂಭಾವನೆಯ ಭಾಗವಾಗಿ ಗಣನೆಗೆ ಬರುತ್ತದೆ, ಹಾಗಾಗಿ ಅದನ್ನು ಬಿಡಬೇಡಿ.

'ಸೇವೆ' ಎಂಬ ಪದದ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ನಮಗೆ ಅದು ಗೌರವದ ಮಾತು. ಸಂಬಳ ಪಡೆದು ಮಾಡಿದ್ದನ್ನೂ ನಾವು ಸೇವೆ ಎನ್ನುತ್ತೇವೆ. ಅನುವಾದದಲ್ಲಿ ಅದು 'ವಾಲಂಟರಿ ಸರ್ವಿಸ್' ಆಗಿ, 'ನಿಸ್ವಾರ್ಥ ಸೇವೆ' ಎನ್ನುವುದು ಸಂಬಳವಿಲ್ಲದ ಕೆಲಸವಾಗಿ ಬಿಡುತ್ತದೆ. ಸಂಭಾವನೆ ಇಲ್ಲದ ಸ್ವಯಂಸೇವೆ ಈ ಎರಡು ವರ್ಷದ ಲೆಕ್ಕಕ್ಕೆ ಬರದು ಎಂದು ಅಧಿಕಾರಿ ಅದನ್ನು ಬದಿಗಿಡುತ್ತಾರೆ. ಇದೊಂದು ಪದದಿಂದ ನೋಟಿಸು ಬಂದ ಕಡತವನ್ನು ಕಂಡ ಮೇಲೆ ನಾನು ಮೊದಲು ಹುಡುಕುವುದೇ ಆ ಪದವನ್ನು. ಹಾಗೆಯೇ 'ದಕ್ಷಿಣೆ' ಎಂಬುದು 'ಡೊನೇಷನ್' ಆಗದಂತೆ ನೋಡಿಕೊಳ್ಳಿ. ವಿದ್ಯಾಪೀಠದ ವಿದ್ಯಾರ್ಥಿಯಾಗಿದ್ದಾಗ ಸರದಿಯ ಪೂಜೆ ಮಾಡಿದ್ದರೆ ಅದು ತರಬೇತಿಯೇ ಹೊರತು ಉದ್ಯೋಗವಲ್ಲ. ಅದನ್ನು ಹಂತ 5ರ ಪತ್ರದಲ್ಲಿ ಇಡಿ.

ಪತ್ರಕ್ಕೆ ಬೆಂಬಲವಾಗಿ ಪಾಸ್‌ಬುಕ್ಕಿನ ಆ ಅವಧಿಯ ಪುಟಗಳು, ದೇವಸ್ಥಾನದ ಪಾವತಿ ವಹಿಯ ನಕಲು, ಅರ್ಚಕರ ಹೆಸರಿರುವ ಬ್ರಹ್ಮಕಲಶೋತ್ಸವ ಅಥವಾ ಜಾತ್ರೆಯ ಆಮಂತ್ರಣ ಪತ್ರಿಕೆಗಳು, ತಾರೀಖು ಕಾಣುವ ಛಾಯಾಚಿತ್ರಗಳು ಇರಲಿ. ನಗದಿನಲ್ಲೇ ಪಾವತಿ ಆಗಿದ್ದರೆ ಹಾಗೆಂದೇ ಪತ್ರದಲ್ಲಿ ಹೇಳಿ, ರಸೀದಿಗಳನ್ನು ಹುಡುಕಿ. ಇಲ್ಲದ ಸಂಬಳದ ಚೀಟಿಗಳನ್ನು ಈಗ ತಯಾರಿಸುವುದು ವಂಚನೆ. ಸುಳ್ಳು ದಾಖಲೆ ಸಾಬೀತಾದರೆ ಅರ್ಜಿ ಹೋಗುವುದಷ್ಟೇ ಅಲ್ಲ, ಆ ವ್ಯಕ್ತಿಗೆ ಅಮೆರಿಕ ಪ್ರವೇಶಕ್ಕೆ ಜೀವಮಾನದ ತಡೆ ಬೀಳಬಹುದು. ಊರಿನಲ್ಲಿ ಒಬ್ಬರು ಒಳ್ಳೆಯ ಮನಸ್ಸಿನಿಂದ ಮಾಡಿದ ತಿದ್ದುಪಡಿಯ ಫಲವನ್ನು ಗುರುಗಳೂ ಅವರ ಹೆಂಡತಿ ಮಕ್ಕಳೂ ಉಣ್ಣಬೇಕಾಗುತ್ತದೆ.

ಹಂತ 7: ಶಿಷ್ಯರ ಮತ್ತು ಭಕ್ತರ ಪತ್ರಗಳು

ಈ ಪತ್ರಗಳು ಕೆಲಸದ ಪತ್ರದ ಜಾಗವನ್ನು ತುಂಬಲಾರವು. ಕೆಲಸದ ದಾಖಲೆ ತೆಳುವಾಗಿದ್ದಾಗ ಕಣ್ಣಾರೆ ಕಂಡ ಸಾಕ್ಷಿಯಾಗಿ ಅವು ನೆರವಾಗುತ್ತವೆ. ನೂರು ಜನರ ಸಹಿ ಸಂಗ್ರಹ, ಜನಪ್ರತಿನಿಧಿಗಳ ಶಿಫಾರಸು ಪತ್ರ, ಸಂಘಸಂಸ್ಥೆಗಳ ನಿರ್ಣಯ, ಇವು ಯಾವುವೂ ಅರ್ಹತೆಯ ಒಂದು ಅಂಶವನ್ನೂ ಸಾಬೀತು ಮಾಡುವುದಿಲ್ಲ. ಅದಕ್ಕೆ ವ್ಯಯಿಸುವ ಶ್ರಮವನ್ನು ಮೂರು ಅಥವಾ ನಾಲ್ಕು ಒಳ್ಳೆಯ ಸಾಕ್ಷಿಪತ್ರಗಳಿಗೆ ಕೊಡಿ.

ಒಳ್ಳೆಯ ಸಾಕ್ಷಿಪತ್ರ ನಾಲ್ಕು ಪ್ರಶ್ನೆಗಳಿಗೆ ಉತ್ತರಿಸುತ್ತದೆ: ಬರೆಯುವವರು ಯಾರು, ಗುರುಗಳನ್ನು ಹೇಗೆ ಬಲ್ಲರು, ತಾವಾಗಿ ಏನನ್ನು ಕಂಡರು, ಅದು ಯಾವಾಗ. ದಿನವೂ ಬೆಳಿಗ್ಗೆ ದೇವಸ್ಥಾನಕ್ಕೆ ಹೂವು ತಂದುಕೊಡುತ್ತಿದ್ದ ವ್ಯಕ್ತಿ 'ನಾನು 2021ರಿಂದ 2023ರವರೆಗೆ ಪ್ರತಿದಿನ ಐದೂವರೆಗೆ ಹೋದಾಗ ಇವರೇ ಗರ್ಭಗುಡಿಯಲ್ಲಿರುತ್ತಿದ್ದರು' ಎಂದು ಬರೆದರೆ, ಅವರನ್ನು ಒಮ್ಮೆ ವೇದಿಕೆಯಲ್ಲಿ ಕಂಡ ಗಣ್ಯರ ಒಂದು ಪುಟದ ಹೊಗಳಿಕೆಗಿಂತ ಅದು ಹೆಚ್ಚು ಉಪಯುಕ್ತ. ಒಂದೇ ಒಕ್ಕಣೆಯನ್ನು ನಕಲು ಮಾಡಿ ಹೆಸರು ಬದಲಿಸಿ ಹತ್ತು ಜನರಿಂದ ಸಹಿ ಹಾಕಿಸುವುದು ಎದ್ದು ಕಾಣುವ ತಪ್ಪು. ಹತ್ತು ಪತ್ರಗಳೂ ಒಟ್ಟಿಗೆ ಬೆಲೆ ಕಳೆದುಕೊಳ್ಳುತ್ತವೆ. ಪ್ರತಿಯೊಬ್ಬರೂ ತಮ್ಮ ಮಾತಿನಲ್ಲಿ, ಬೇಕಾದರೆ ಕನ್ನಡದಲ್ಲಿಯೇ ಬರೆಯಲಿ. ವಿಳಾಸ, ಫೋನ್ ಸಂಖ್ಯೆ ಮತ್ತು ಗುರುತಿನ ಚೀಟಿಯ ಪ್ರತಿ ಜೊತೆಗಿರಲಿ.

ಹಂತ 8: ಅನುವಾದ ಮತ್ತು ದೃಢೀಕರಣ

ಕನ್ನಡ, ಸಂಸ್ಕೃತ, ತುಳು ಅಥವಾ ಕೊಂಕಣಿಯಲ್ಲಿರುವ ಪ್ರತಿಯೊಂದು ದಾಖಲೆಗೂ ಪೂರ್ಣ ಇಂಗ್ಲಿಷ್ ಅನುವಾದ ಬೇಕು, ಮುದ್ರೆಯಲ್ಲಿರುವ ಅಕ್ಷರಗಳೂ ಸೇರಿ. ಅನುವಾದಕರು ತಮಗೆ ಎರಡೂ ಭಾಷೆ ಬರುತ್ತದೆ, ಅನುವಾದ ಪೂರ್ಣ ಮತ್ತು ನಿಖರವಾಗಿದೆ ಎಂದು ಬರೆದು ಸಹಿ ಹಾಕಬೇಕು. ಗುರುಗಳೇ ಅಥವಾ ಅವರ ಮನೆಯವರೇ ಅನುವಾದಿಸದಿರುವುದು ಒಳಿತು. ಕಾಲೇಜಿನ ಅಧ್ಯಾಪಕರೊಬ್ಬರು ಮಾಡಿದರೆ ಸಾಕು. ಅಪೊಸ್ಟಿಲ್, ಅಂದರೆ ವಿದೇಶದಲ್ಲಿ ಬಳಸುವ ದಾಖಲೆಗೆ ಸರ್ಕಾರದ ದೃಢೀಕರಣ, ಮಾಡಿಸಲು ಬೆಂಗಳೂರಿಗೆ ಓಡಾಡಿ ಹಣ ಕಳೆಯುವವರಿದ್ದಾರೆ. ಯುಎಸ್‌ಸಿಐಎಸ್ ಸಾಮಾನ್ಯವಾಗಿ ಅದನ್ನು ಕೇಳುವುದಿಲ್ಲ, ವಕೀಲರು ಹೇಳಿದರೆ ಮಾತ್ರ ಮಾಡಿಸಿ.

ಹಂತ 9: ಕಳಿಸುವ ಮುನ್ನ ಒಮ್ಮೆ ಒಟ್ಟಿಗೆ ಓದಿ

ಎಲ್ಲ ಪತ್ರಗಳನ್ನೂ ಮೇಜಿನ ಮೇಲೆ ಹರಡಿ, ಗುರುಗಳನ್ನು ಅರಿಯದ ಒಬ್ಬರಿಂದ ಓದಿಸಿ. ಒಂದರಲ್ಲಿ 2021ರ ಮಾರ್ಚ್ ಎಂದಿದ್ದು ಇನ್ನೊಂದರಲ್ಲಿ ಏಪ್ರಿಲ್ ಎಂದಿದ್ದರೆ ಅವರ ಕಣ್ಣಿಗೆ ಬೀಳುತ್ತದೆ. ವ್ಯತ್ಯಾಸ ಕಂಡರೆ ವಹಿ ನೋಡಿ ಸರಿಯಾದ್ದನ್ನು ಹುಡುಕಿ, ಬಹುಮತದಿಂದ ತೀರ್ಮಾನಿಸಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ತೆಗೆದು ಕಳಿಸಿದ ಫೋಟೋಗಳಲ್ಲಿ ಮುದ್ರೆ ಮಸುಕಾಗುತ್ತದೆ. ಬಣ್ಣದಲ್ಲಿ ಸ್ಕ್ಯಾನ್ ಮಾಡಿ ಇಮೇಲ್‌ನಲ್ಲಿ ಕಳಿಸಿ. ಮೂಲ ಪ್ರಮಾಣಪತ್ರಗಳನ್ನು ಕೇಳದೆ ಕೊರಿಯರ್ ಮಾಡಬೇಡಿ.

ಕೆಲವು ಸೂಚನೆಗಳು ಕಂಡರೆ ಕೂಡಲೇ ನಿಲ್ಲಬೇಕು. ಗ್ರೀನ್ ಕಾರ್ಡ್ ಖಾತ್ರಿ ಎನ್ನುವ ಏಜೆಂಟ್, ಸಹಿಯಿರುವ ಖಾಲಿ ಲೆಟರ್‌ಹೆಡ್ ಕೇಳುವವರು, ಪ್ರಾಯೋಜಕ ದೇವಾಲಯಕ್ಕೆ 'ದೇಣಿಗೆ'ಯ ರೂಪದಲ್ಲಿ ಹಣ ಕಟ್ಟಬೇಕೆನ್ನುವವರು, ಅರ್ಜಿಯ ಪ್ರತಿಯನ್ನು ಗುರುಗಳಿಗೇ ತೋರಿಸದವರು. ಇಂತಹವರ ಕೈಗೆ ಮಠದ ಒಂದು ಕಾಗದವೂ ಹೋಗಬಾರದು.

ಹಂತ 10: ಅರ್ಜಿ ಸಲ್ಲಿಕೆಯಾದ ಮೇಲೆ ಊರಿನವರ ಕೆಲಸ

ಅಮೆರಿಕದ ದೇವಾಲಯಕ್ಕೆ ಅಧಿಕಾರಿಗಳು ಮುನ್ಸೂಚನೆಯಿಲ್ಲದೆ ಪರಿಶೀಲನೆಗೆ ಬರಬಹುದು. ಗುರುಗಳು ಎಷ್ಟು ಹೊತ್ತು ಕೆಲಸ ಮಾಡುತ್ತಾರೆ, ಎಲ್ಲಿ ವಾಸ, ಸಂಬಳ ಎಷ್ಟು ಎಂದು ಕೇಳುತ್ತಾರೆ. ಆರ್-1ರಲ್ಲಿರುವವರು ಅರ್ಜಿ ಹಾಕಿದ ದೇವಾಲಯಕ್ಕೆ ಮಾತ್ರ ಕೆಲಸ ಮಾಡಬಹುದು. ಆದ್ದರಿಂದ ಊರಿನ ಪರಿಚಯದ ಮನೆಗಳಿಗೆ ಸ್ವಂತವಾಗಿ ಹೋಗಿ ಪೂಜೆ ಮಾಡಿಸಿ ದಕ್ಷಿಣೆ ಪಡೆಯಲು ಇಲ್ಲಿಂದ ನಾವೇ ಒತ್ತಾಯಿಸಬಾರದು. ಅಂತಹ ಪೂಜೆಯ ಫೋಟೋಗಳನ್ನು ಫೇಸ್‌ಬುಕ್‌ಗೆ ಹಾಕಿ ತೊಂದರೆ ತಂದವರು ಹೆಚ್ಚಾಗಿ ಪ್ರೀತಿಯ ನೆಂಟರೇ.

ಕುಟುಂಬದ ದಾಖಲೆಗಳನ್ನು ಈ ಕಾಯುವ ಕಾಲದಲ್ಲಿಯೇ ಸಿದ್ಧಪಡಿಸಿ. ಕಲ್ಯಾಣ ಮಂಟಪದಲ್ಲಿ ಆದ ಮದುವೆ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಣಿಯಾಗಿದೆಯೇ ನೋಡಿ. ಹೆಂಡತಿ ಮತ್ತು 21 ವರ್ಷದೊಳಗಿನ ಅವಿವಾಹಿತ ಮಕ್ಕಳು ಇದೇ ಅರ್ಜಿಯ ನೆರಳಿನಲ್ಲಿ ಬರಬಹುದಾದ್ದರಿಂದ ಮಕ್ಕಳ ಜನನ ಪ್ರಮಾಣಪತ್ರಗಳಲ್ಲಿ ತಂದೆಯ ಹೆಸರು ಗುರುಗಳ ಪಾಸ್‌ಪೋರ್ಟಿಗೆ ಹೊಂದಬೇಕು. ದೊಡ್ಡ ಮಗ ಅಥವಾ ಮಗಳು 21ಕ್ಕೆ ಹತ್ತಿರವಿದ್ದರೆ ವಕೀಲರಿಗೆ ಮೊದಲೇ ತಿಳಿಸಿ. ಮುಂಬೈಯ ಅಮೆರಿಕನ್ ಕಾನ್ಸುಲೇಟಿನಲ್ಲಿ ಸಂದರ್ಶನ ಎದುರಿಸಬೇಕಾದವರಿಗೆ ಪೊಲೀಸ್ ಕ್ಲಿಯರೆನ್ಸ್ ಬೇಕಾಗುತ್ತದೆ. ಅದಕ್ಕೆ ಮಂಗಳೂರಿನ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅರ್ಜಿ ಹಾಕಬಹುದು, ಆದರೆ ತೀರಾ ಮೊದಲೇ ಮಾಡಿಸಿದರೆ ಅದರ ಅವಧಿ ಮುಗಿದುಹೋಗುತ್ತದೆ.

ಹೆಚ್ಚುವರಿ ಸಾಕ್ಷ್ಯದ ನೋಟಿಸು ಬಂದರೆ ಉತ್ತರಕ್ಕೆ ಗರಿಷ್ಠ 84 ದಿನ ಸಿಗಬಹುದು, ಅದಕ್ಕಿಂತ ಕಡಿಮೆಯನ್ನೂ ಕೊಡಬಹುದು, ಮತ್ತು ಆ ಗಡುವನ್ನು ವಿಸ್ತರಿಸುವುದಿಲ್ಲ. ಉತ್ತರವನ್ನು ಒಂದೇ ಬಾರಿಗೆ ಸಲ್ಲಿಸಬೇಕು. ಇವತ್ತೊಂದು ಪತ್ರ, ಮುಂದಿನ ತಿಂಗಳು ಇನ್ನೊಂದು ಎಂದು ಕಳಿಸುವಂತಿಲ್ಲ. ಆ ಹೊತ್ತಿಗೆ ಸಹಿ ಹಾಕಬೇಕಾದ ದಿವಾನರು ಸಂಚಾರದಲ್ಲಿರಬಹುದು, ಮೊಕ್ತೇಸರರು ಬದಲಾಗಿರಬಹುದು, ಪರ್ಯಾಯದ ಸಿದ್ಧತೆಯಲ್ಲಿ ಮಠದ ಕಚೇರಿಗೆ ಬಿಡುವಿರದಿರಬಹುದು. ಆದ್ದರಿಂದ ಮೊದಲ ಪತ್ರಗಳನ್ನು ಪಡೆಯುವಾಗಲೇ ವಹಿಯ ಸಂಬಂಧಪಟ್ಟ ಪುಟಗಳ ದೃಢೀಕೃತ ನಕಲುಗಳನ್ನು ಎರಡು ಪ್ರತಿ ಮಾಡಿಸಿ, ಒಂದನ್ನು ಊರಿನ ಮನೆಯಲ್ಲಿ ಇಡಿ. ಸಹಿ ಹಾಕಿದ ಪ್ರತಿಯೊಬ್ಬರ ಈಗಿನ ಫೋನ್ ಸಂಖ್ಯೆ, ಅವರ ಬಳಿ ಇರುವ ವಹಿಗಳ ವಿವರವನ್ನು ಆ ದಪ್ಪ ನೋಟ್ ಪುಸ್ತಕದಲ್ಲಿ ಬರೆದು, ಅದನ್ನು ಯಾರು ಇಟ್ಟುಕೊಂಡಿದ್ದಾರೆಂದು ಗುರುಗಳಿಗೂ ಅವರ ವಕೀಲರಿಗೂ ತಿಳಿಸಿ.